ಸೀಲಪ್ಪನವರ ಹೊಗೆ ಪರಿಶೀಲನೆ

ಸುಳ್ಳು ಹೇಳುವುದು ಸೀಲಪ್ಪನವರ ಜಾಯಮಾನದಲ್ಲೇ ಇರಲಿಲ್ಲ. ಅವರು ಸುಳ್ಳನ್ನು ಬರೆಯುತ್ತಿದ್ದರು, ಅಷ್ಟೆ. ಹೇಳುವುದಕ್ಕೂ ಬರೆಯುವುದಕ್ಕೂ ಇರುವ ವ್ಯತ್ಯಾಸ ಕಚೇರಿಗಳಲ್ಲಿ ಕೂತು ತಲೆ ಹಣ್ಣಾದವರಿಗೆ ಗೊತ್ತು. ಹೇಳಿದ ಸುಳ್ಳು ಸಂಜೆಯ ಹೊತ್ತಿಗೆ ಹಳಸಿಹೋಗುತ್ತದೆ. ಬರೆದು ಸೀಲು ಒತ್ತಿದ ಸುಳ್ಳು ಕಡತದೊಳಗೆ ಕೂತು ದಿನೇ ದಿನೇ ಗಟ್ಟಿಯಾಗುತ್ತದೆ. ಆ ಸೀಲು ಒತ್ತುವ ಕೆಲಸವೂ ಅವರದೇ. ನಗರದ ಹೊಗೆ ನಿಯಂತ್ರಣ ಕಚೇರಿಗೆ ಬರುವ, ಅಲ್ಲಿಂದ ಹೋಗುವ ಕಾಗದಗಳಿಗೆಲ್ಲ ಹತ್ತೊಂಬತ್ತು ವರ್ಷ ಸೀಲು ಒತ್ತಿ ಒತ್ತಿ, ತಂದೆತಾಯಿ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದು, ಜನರ ಬಾಯಲ್ಲಿ ಅವರು ಸೀಲಪ್ಪನಾಗಿದ್ದರು.

ಇಷ್ಟೆಲ್ಲ ರಾಮಾಯಣಕ್ಕೆ ಕಾರಣವಾದದ್ದು ಒಂದು ತುಂಡು ಮಾಂಸ. ಕಚೇರಿಯಿಂದ ಏಳು ನಿಮಿಷ ನಡೆದರೆ ಒಂದು ಮೂಲೆ. ಅಲ್ಲಿ ದರ್ಜಿಯ ಅಂಗಡಿ, ಅದರ ಮೇಲಿನ ಅಂತಸ್ತಿನಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಎದುರಿಗೆ ಒಂದು ಬಾರ್ಬೆಕ್ಯೂ ಟ್ರಕ್ಕು. ಹಿಂದೆ ಹಾಲಿನ ವ್ಯಾನಾಗಿದ್ದ ಗಾಡಿ ಅದು. ಪಕ್ಕದ ತಗಡು ಕತ್ತರಿಸಿ ಕಿಟಕಿ ಮಾಡಿ, ಹಿಂಭಾಗದಲ್ಲಿ ಕಬ್ಬಿಣದ ದೊಡ್ಡ ಪೀಪಾಯಿ ಕೂರಿಸಿದ್ದರು. ಅದರ ಒಡತಿಯನ್ನು ಗಿರಾಕಿಗಳು ಕೆಂಡಮ್ಮ ಎನ್ನುತ್ತಿದ್ದರು. ಬೆಳಗಾಗುವ ಮೊದಲೇ ಆಕೆ ಪೀಪಾಯಿಗೆ ಕೆಂಡ ತುಂಬಿ, ಮಸಾಲೆ ಸವರಿದ ಪಕ್ಕೆಲುಬುಗಳನ್ನು ಒಳಗೆ ಜೋಡಿಸಿ ಮುಚ್ಚಳ ಹಾಕಿಬಿಟ್ಟರೆ, ಹನ್ನೆರಡು ಗಂಟೆಯವರೆಗೆ ಯಾವ ದೊರೆ ಬಂದು ಕೇಳಿದರೂ ಅದನ್ನು ತೆಗೆಯುತ್ತಿರಲಿಲ್ಲ.

ಆ ಪೀಪಾಯಿಯಲ್ಲಿ ಅಂಚಿನ ತುಂಡು ಎಂಬುದೊಂದು ಇರುತ್ತಿತ್ತು. ಕೆಂಡಕ್ಕೆ ಹತ್ತಿರವಿದ್ದು, ಹೊರಗೆ ಕಪ್ಪಗೆ ಗರಿಗರಿಯಾಗಿ, ಒಳಗೆ ಬೆರಳು ತಾಕಿದರೆ ಎಳೆ ಎಳೆಯಾಗಿ ಬಿಡುವಷ್ಟು ಮೆತ್ತಗಾಗಿರುವ ತುಂಡು. ದಿನಕ್ಕೆ ಹತ್ತೋ ಹನ್ನೆರಡೋ ಬಂದರೆ ಹೆಚ್ಚು. ಅದರಲ್ಲಿ ಎರಡನ್ನು ಹಲ್ಲಿನ ಡಾಕ್ಟರು ಮೇಲಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ಎಳೆದುಕೊಳ್ಳುತ್ತಿದ್ದರು, ಎರಡನ್ನು ದರ್ಜಿ ಹೊಲಿಗೆ ಯಂತ್ರದ ಮುಂದೆ ಕೂತೇ ಮುಗಿಸುತ್ತಿದ್ದ. ಹನ್ನೆರಡೂವರೆಯ ಮೇಲೆ ಬಂದವರಿಗೆ ಅದರ ವರ್ಣನೆ ಮಾತ್ರ ಸಿಗುತ್ತಿತ್ತು. ಸೀಲಪ್ಪನವರ ಕಚೇರಿಯಲ್ಲಿ ಊಟದ ಬಿಡುವು ಒಂದು ಗಂಟೆಗೆ.

ಮೊದಲ ಸಲ ಅಂಚಿನ ತುಂಡು ತಿಂದದ್ದು ಆಕಸ್ಮಿಕವಾಗಿ. ಅಂಚೆ ಕೊಟ್ಟು ಬರಲು ಹೋಗಿದ್ದವರು ಹನ್ನೆರಡು ಗಂಟೆಗೆ ಆ ಮೂಲೆಯಲ್ಲಿ ಸಿಕ್ಕಿಬಿದ್ದರು. ತಿಂದು ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಏನೂ ತೋಚದೆ ನಿಂತಿದ್ದರಂತೆ. ತಮ್ಮ ಮದುವೆಯ ದಿನವೂ ಇಷ್ಟು ಸಂತೋಷವಾಗಿರಲಿಲ್ಲ ಎಂದು ಅನಿಸಿ, ಹಾಗೆ ಅನಿಸಿದ್ದಕ್ಕೆ ಹೆದರಿಕೆಯೂ ಆಗಿ, ಇನ್ನೊಂದು ತುಂಡು ಹಾಕಿಸಿಕೊಂಡರು.

ಮಾರನೆಯ ದಿನ ಹನ್ನೆರಡಕ್ಕೆ ಹೊರಡುವುದು ಹೇಗೆ ಎಂಬ ಪ್ರಶ್ನೆ ಬಂತು. ಆ ಕಚೇರಿಯಲ್ಲಿ ಬಾಗಿಲ ಬಳಿ ಒಂದು ಚಲನವಲನ ವಹಿ ಇತ್ತು. ಕೆಲಸದ ಹೊತ್ತಿನಲ್ಲಿ ಹೊರಗೆ ಹೋಗುವವರು ಎಲ್ಲಿಗೆ, ಯಾಕೆ ಎಂದು ಅದರಲ್ಲಿ ಬರೆದೇ ಹೊಸ್ತಿಲು ದಾಟಬೇಕು. ‘ಸ್ವಂತ ಕೆಲಸ’ ಎಂದು ಬರೆದರೆ ಅರ್ಧ ದಿನದ ರಜೆ ಹೋಗುತ್ತದೆ. ‘ಮಾಂಸ’ ಎಂದು ಬರೆಯಲು ಧೈರ್ಯ ಸಾಲದು. ಸೀಲಪ್ಪನವರು ಪೆನ್ನು ಹಿಡಿದು ಒಂದು ನಿಮಿಷ ಯೋಚಿಸಿ, ‘ಸ್ಥಳ ಪರಿಶೀಲನೆ, ವಿಷಯ: ಹೊಗೆ’ ಎಂದು ಬರೆದರು. ಇದರಲ್ಲಿ ಸುಳ್ಳೇನು ಬಂತು ಎಂದು ತಮಗೆ ತಾವೇ ವಾದ ಮಾಡಿಕೊಂಡರು. ಸ್ಥಳ ಇದೆ, ಹೊಗೆ ಇದೆ, ತಾನು ಬಹಳ ಹತ್ತಿರದಿಂದ ಪರಿಶೀಲಿಸುವುದೂ ಇದೆ. ಆಗಿನ ಸಾಹೇಬರಿಗೋ ಹೊರಗೆ ಹೋಗುವವರ ಮೇಲೆ ಬಹಳ ಗೌರವ. ಕಚೇರಿಯೊಳಗೆ ಕೂತವರು ನಿದ್ದೆ ಮಾಡುತ್ತಾರೆ ಎಂಬುದು ಅವರ ಸ್ವಂತ ಅನುಭವವಾಗಿತ್ತು.

ಹೀಗೆ ಮೂರು ತಿಂಗಳು ನಡೆಯಿತು. ಮನೆಯಲ್ಲಿ ಮಾತ್ರ ಬೇರೆಯೇ ಕಥೆ. ರಕ್ತದಲ್ಲಿ ಕೊಬ್ಬು ಹೆಚ್ಚಾಗಿದೆ ಎಂದು ಡಾಕ್ಟರು ಹೇಳಿದ ದಿನದಿಂದ ಹೆಂಡತಿ ಉಪ್ಪಿಲ್ಲದೆ ಬೇಯಿಸಿದ ತರಕಾರಿಯನ್ನು ಡಬ್ಬಿಗೆ ತುಂಬಿ ಕಳಿಸುತ್ತಿದ್ದರು. ಆ ಡಬ್ಬಿ ಪ್ರತಿದಿನ ಕಚೇರಿಯ ಕಾವಲುಗಾರನ ಹೊಟ್ಟೆ ಸೇರುತ್ತಿತ್ತು. ಮೂರು ತಿಂಗಳಲ್ಲಿ ಕಾವಲುಗಾರ ಹತ್ತು ವರ್ಷ ಚಿಕ್ಕವನಾಗಿ ಕಾಣತೊಡಗಿದ. ಸೀಲಪ್ಪನವರು ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡರು.

ಅಂಗಿಯ ತುಂಬ ಹೊಗೆ ವಾಸನೆ ಯಾಕೆ ಎಂದು ಹೆಂಡತಿ ಕೇಳಿದಾಗ ಸೀಲಪ್ಪನವರು ವಹಿಯಲ್ಲಿ ಬರೆದದ್ದನ್ನೇ ಹೇಳಿದರು. ಹೆಂಡತಿಗೆ ಕಣ್ಣಲ್ಲಿ ನೀರು ಬಂತು. ಊರಿನ ಹೊಗೆಯನ್ನೆಲ್ಲ ತನ್ನ ಗಂಡ ಒಬ್ಬನೇ ಕುಡಿಯುತ್ತಿದ್ದಾನೆ ಎಂದು ಮೇಲಿನ ಮನೆಯ ಆಂಟಿಗೆ ಹೇಳಿದರು, ಆಂಟಿ ಇಡೀ ಬೀದಿಗೆ ಹೇಳಿದರು. ಪಥ್ಯ ಮಾಡಿದರೂ ಮೈ ಇಳಿಯುತ್ತಿಲ್ಲವಲ್ಲ ಎಂದು ಯಾರೋ ಕುಹಕ ಆಡಿದಾಗ, ಅದು ಕೊಬ್ಬಲ್ಲ, ಹೊಗೆ ತುಂಬಿ ಊದಿಕೊಂಡಿರುವುದು ಎಂದು ಹೆಂಡತಿಯೇ ಮುಖ ಮುರಿಯುವಂತೆ ಉತ್ತರ ಕೊಟ್ಟರು. ಸೀಲಪ್ಪನವರು ಬೀದಿಯಲ್ಲಿ ನಡೆಯುವಾಗ ಆಗಾಗ ಕೆಮ್ಮುವುದನ್ನು ರೂಢಿಸಿಕೊಂಡರು.

ಅಷ್ಟರಲ್ಲಿ ಹಳೆಯ ಸಾಹೇಬರಿಗೆ ವರ್ಗವಾಗಿ ಹೊಸಬರು ಬಂದರು. ಚಿಕ್ಕ ವಯಸ್ಸು, ಇಸ್ತ್ರಿ ಮುರಿಯದ ಅಂಗಿ. ಅವರಿಗೊಂದು ಕೆಟ್ಟ ಚಟವಿತ್ತು, ಓದುವುದು. ಮೊದಲ ವಾರದಲ್ಲೇ ಕಚೇರಿಯ ಎಲ್ಲ ವಹಿಗಳನ್ನು ತರಿಸಿಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು. ಎಂಟನೆಯ ದಿನ ಸೀಲಪ್ಪನವರಿಗೆ ಕರೆ ಬಂತು. ಮೇಜಿನ ಮೇಲೆ ಚಲನವಲನ ವಹಿ ತೆರೆದಿತ್ತು. ಅದರಲ್ಲಿ ಸೀಲಪ್ಪನವರ ಹೆಸರಿದ್ದ ಸಾಲುಗಳಿಗೆಲ್ಲ ಕೆಂಪು ಪೆನ್ಸಿಲ್ಲಿನ ಗುರುತು ಬಿದ್ದಿತ್ತು.

“ಒಂದೇ ಜಾಗಕ್ಕೆ ಅರವತ್ತೊಂದು ಸಲ ಹೋಗಿದ್ದೀರಿ,” ಎಂದರು ಸಾಹೇಬರು. “ಒಂದೂ ವರದಿ ಇಲ್ಲ. ಯಾಕೆ?”

ನಿಜ ಹೇಳಿಬಿಡಲು ಅದೊಂದು ಒಳ್ಳೆಯ ಅವಕಾಶವಾಗಿತ್ತು. ಅಂಥ ಅವಕಾಶಗಳನ್ನು ಸೀಲಪ್ಪನವರು ಜೀವನದಲ್ಲಿ ಒಮ್ಮೆಯೂ ಬಳಸಿಕೊಂಡವರಲ್ಲ. ವಿಷಯ ಬಹಳ ಸೂಕ್ಷ್ಮವಾಗಿದೆ, ಆತುರಪಟ್ಟು ವರದಿ ಕೊಡುವುದು ಬೇಡ ಎಂದು ಅಧ್ಯಯನ ನಡೆಸಿದ್ದೇನೆ ಎಂದರು. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಮುಖ ಅವರದ್ದಾಗಿದ್ದರೂ ಸಾಹೇಬರಿಗೆ ಅದು ಹೊಗೆ ಕುಡಿದು ಬಾಡಿದ ಮುಖದಂತೆ ಕಂಡಿತು. ಇಡೀ ಕಚೇರಿಯಲ್ಲಿ ಯಾರೂ ಮೂರು ತಿಂಗಳಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಹೊರಗೆ ಹೋಗಿಲ್ಲ, ಇವರೊಬ್ಬರು ಬಿಸಿಲೆನ್ನದೆ ಮಳೆಯೆನ್ನದೆ ಹೋಗಿದ್ದಾರೆ ಎಂದು ಅವರು ಎದ್ದು ನಿಂತು ಕೈ ಕುಲುಕಿದರು. ಆಮೇಲೆ ಕೂತು ಒಂದು ನೋಟಿಸು ಬರೆಸಿದರು. ಅರವತ್ತೊಂದು ಸಲ ಪರಿಶೀಲಿಸಬೇಕಾದಷ್ಟು ಹೊಗೆ ಬಿಡುವ ಟ್ರಕ್ಕನ್ನು ಆ ಮೂಲೆಯಿಂದ ಯಾಕೆ ತೆಗೆಸಬಾರದು ಎಂದು ಒಡತಿ ಏಳು ದಿನಗಳಲ್ಲಿ ಕಾರಣ ಹೇಳಬೇಕು. ಮೂರು ದಿನದಲ್ಲಿ ಸೀಲಪ್ಪನವರು ವರದಿ ಕೊಡಬೇಕು. ನಾಲ್ಕನೆಯ ದಿನ ಸಾಹೇಬರೇ ಸ್ಥಳಕ್ಕೆ ಬರುತ್ತಾರೆ.

ಸೀಲಪ್ಪನವರಿಗೆ ನೆಲವೇ ಬಿರಿದಂತಾಯಿತು. ಅಂಚಿನ ತುಂಡು ತಿನ್ನಲೆಂದು ಬರೆದ ಒಂದು ಸಾಲು ಈಗ ಅಂಚಿನ ತುಂಡಿಗೇ ಕುತ್ತಾಗಿ ಕೂತಿತ್ತು. ಆ ನೋಟಿಸಿಗೆ ಸೀಲು ಒತ್ತಬೇಕಾದವರೂ ಅವರೇ. ಸರಿಯಾಗಿ ಬೀಳದಿದ್ದರೆ ನೋಟಿಸು ಊರ್ಜಿತವಾಗಲಿಕ್ಕಿಲ್ಲ ಎಂಬ ಆಸೆಯಿಂದ ಮೆಲ್ಲಗೆ ಒತ್ತಿದರು. ಸೀಲು ಮಸುಕಾಗಿದೆ ಎಂದು ಸಾಹೇಬರು ಕಾಗದವನ್ನು ಹಿಂದಕ್ಕೆ ಕಳಿಸಿದರು. ಹತ್ತೊಂಬತ್ತು ವರ್ಷಗಳಲ್ಲಿ ಅವರ ಸೀಲನ್ನು ಹಿಂದಕ್ಕೆ ಕಳಿಸಿದವರು ಯಾರೂ ಇರಲಿಲ್ಲ. ಅಭಿಮಾನಕ್ಕೆ ಪೆಟ್ಟು ಬಿದ್ದು, ಎರಡನೆಯ ಸಲ ಮೇಜು ಅದುರುವಂತೆ ಒತ್ತಿದರು.

ನೋಟಿಸನ್ನು ಜೇಬಿನಲ್ಲಿಟ್ಟುಕೊಂಡು ಹನ್ನೆರಡು ಗಂಟೆಗೆ ಟ್ರಕ್ಕಿನ ಮುಂದೆ ನಿಂತಾಗ ಕೆಂಡಮ್ಮ ಎಂದಿನಂತೆ ಅಂಚಿನ ತುಂಡು ಎತ್ತಿಟ್ಟಿದ್ದರು. ಮನೆಯಲ್ಲಿ ಬೇಯಿಸಿದ ತರಕಾರಿ ಬಿಟ್ಟರೆ ಬೇರೆ ಗತಿಯಿಲ್ಲ ಎಂದು ಸೀಲಪ್ಪನವರು ಹಿಂದೊಮ್ಮೆ ಗೋಳು ಹೇಳಿಕೊಂಡಿದ್ದರಿಂದ ಆಕೆಗೆ ಇವರ ಮೇಲೆ ಮರುಕ. ಅಣ್ಣಾ ಎಂದೇ ಕರೆಯುತ್ತಿದ್ದರು. ನೋಟಿಸು ಮೊದಲೋ ಊಟ ಮೊದಲೋ ಎಂದು ಸೀಲಪ್ಪನವರು ಒಂದು ಕ್ಷಣ ತೊಳಲಾಡಿದರು. ಕೆಟ್ಟ ಸುದ್ದಿಯನ್ನು ಖಾಲಿ ಹೊಟ್ಟೆಯಲ್ಲಿ ಹೇಳಿದರೆ ಮಾತಿನಲ್ಲಿ ಕಟುತನ ಬರುತ್ತದೆ, ಆಕೆಗೆ ನೋವಾಗುತ್ತದೆ ಎಂಬ ಉದಾತ್ತ ವಿಚಾರ ಹೊಳೆದು, ಮೊದಲು ಎರಡು ತುಂಡು ತಿಂದರು. ಆಕೆಯ ನೋವನ್ನು ಇನ್ನಷ್ಟು ಕಡಿಮೆ ಮಾಡಲೆಂದು ಮೂರನೆಯದನ್ನೂ ತಿಂದರು. ಬೆರಳು ನೆಕ್ಕಿ, ಕರವಸ್ತ್ರದಲ್ಲಿ ಒರೆಸಿಕೊಂಡು, ನೋಟಿಸು ಕೊಟ್ಟರು.

ಕೆಂಡಮ್ಮ ಓದಿದರು. ಸಾಲಿನಲ್ಲಿ ನಿಂತಿದ್ದವರೂ ಕತ್ತು ಉದ್ದ ಮಾಡಿ ಓದಿದರು.

“ಅರವತ್ತೊಂದು ದಿನ ಊಟ ಹಾಕಿದ್ದೀನಿ ಅಣ್ಣಾ,” ಎಂದರು ಕೆಂಡಮ್ಮ. “ಒಂದು ದಿನನಾದ್ರೂ ಹೊಗೆ ಜಾಸ್ತಿ ಆಯ್ತು ಅಂದಿದ್ರೆ ನಾನೇ ಕಡಿಮೆ ಮಾಡ್ತಿದ್ದೆ. ಇನ್ನೊಂದು ತುಂಡು ಹಾಕು ಅಂತ ಮಾತ್ರ ಅಂದ್ರಿ.”

ಸೀಲಪ್ಪನವರು ಕಿಟಕಿಗೆ ಬಗ್ಗಿ, ತಗ್ಗಿದ ದನಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡರು. ತಾನು ಬರುತ್ತಿದ್ದದ್ದು ತಿನ್ನಲಿಕ್ಕೇ, ಪರಿಶೀಲನೆ ಎಂಬುದು ವಹಿಯಲ್ಲಿ ಬರೆಯುವ ಮಾತು ಮಾತ್ರ, ಮನಸ್ಸಿನಲ್ಲಿ ಕಲ್ಮಶ ಇರಲಿಲ್ಲ ಎಂದರು. ಕೆಂಡಮ್ಮ ಇಕ್ಕಳ ಕೆಳಗಿಟ್ಟು ಕೇಳಿದರು.

“ಇದನ್ನೇ ನಿಮ್ಮ ಸಾಹೇಬರ ಮುಂದೆ ಹೇಳ್ತೀರಾ?”

“ಅದು ಹೇಗಮ್ಮ ಆಗುತ್ತೆ? ನನ್ನ ಕೆಲಸ ಹೋಗುತ್ತೆ.”

“ನಂದು?”

ಕೆಂಡಮ್ಮ ಪೀಪಾಯಿಯ ಮುಚ್ಚಳ ಹಾಕಿ, ಊಟ ಮುಗಿದಿದ್ದರೆ ಜಾಗ ಬಿಡಿ ಸಾಹೇಬ್ರೇ, ಹಿಂದೆ ಜನ ಕಾಯ್ತಿದ್ದಾರೆ ಎಂದರು. ಅಣ್ಣ ಹೋಗಿ ಸಾಹೇಬರಾದದ್ದು ಸೀಲಪ್ಪನವರಿಗೆ ಮುಖಕ್ಕೆ ಹೊಡೆದಂತಾಯಿತು. ಸಾಲಿನಲ್ಲಿದ್ದವರಂತೂ ಅವರನ್ನು ಕಳ್ಳ ಬೆಕ್ಕನ್ನು ನೋಡುವ ಹಾಗೆ ನೋಡುತ್ತ ದಾರಿ ಬಿಟ್ಟರು.

ಆ ಮೂರು ದಿನ ಸೀಲಪ್ಪನವರು ವರದಿಯ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತರು. ಹೊಗೆಯಿಂದ ತೊಂದರೆ ಇಲ್ಲ ಎಂದು ಬರೆದರೆ, ಹಾಗಾದರೆ ಅರವತ್ತೊಂದು ಸಲ ಯಾಕೆ ಹೋದಿರಿ ಎಂಬ ಪ್ರಶ್ನೆ ಬರುತ್ತದೆ, ಕೆಲಸ ಹೋಗುತ್ತದೆ. ತೊಂದರೆ ಇದೆ ಎಂದು ಬರೆದರೆ ಟ್ರಕ್ಕು ಹೋಗುತ್ತದೆ, ಉಳಿದ ಆಯುಸ್ಸೆಲ್ಲ ಬೇಯಿಸಿದ ತರಕಾರಿಯೇ ಗತಿ. ಎರಡರಲ್ಲಿ ಯಾವುದು ಹೆಚ್ಚು ಘೋರ ಎಂದು ತೀರ್ಮಾನಿಸಲು ಅವರಿಗೆ ಎರಡು ದಿನ ಹಿಡಿಯಿತು, ತೀರ್ಮಾನವಾಗಲಿಲ್ಲ. ಮೂರನೆಯ ದಿನ ಮಿಂಚು ಹೊಳೆದಂತೆ ಒಂದು ವಾಕ್ಯ ಹೊಳೆಯಿತು. ‘ಹೊಗೆಯು ಸದ್ಯಕ್ಕೆ ಮಿತಿಯಲ್ಲಿದ್ದು, ಯಾವ ಕ್ಷಣದಲ್ಲಾದರೂ ಮಿತಿ ಮೀರುವ ಸ್ವಭಾವ ಹೊಂದಿರುವುದರಿಂದ, ಪ್ರತಿದಿನ ಹನ್ನೆರಡು ಗಂಟೆಗೆ ಸ್ಥಳದಲ್ಲಿ ನಿಗಾ ಇಡುವುದು ಅಗತ್ಯವಾಗಿರುತ್ತದೆ.’ ಟ್ರಕ್ಕೂ ಉಳಿಯಿತು, ಕೆಲಸವೂ ಉಳಿಯಿತು, ಹನ್ನೆರಡು ಗಂಟೆಯೂ ಉಳಿಯಿತು. ತನ್ನ ಬುದ್ಧಿಗೆ ತಾನೇ ಬೆರಗಾಗಿ ಸೀಲಪ್ಪನವರು ವರದಿಗೆ ಎರಡೆರಡು ಸೀಲು ಒತ್ತಿದರು.

ಇತ್ತ ಮೂಲೆಯಲ್ಲಿ ನೋಟಿಸು ತನ್ನ ಕೆಲಸ ಶುರುಮಾಡಿತ್ತು. ಸರಕಾರವೇ ಹೊಗೆ ಇದೆ ಎಂದ ಮೇಲೆ ಇಲ್ಲ ಎನ್ನುವುದಕ್ಕೆ ತಾವು ಯಾರು ಎಂದು ಎಲ್ಲರಿಗೂ ಅನಿಸತೊಡಗಿತು. ಇಷ್ಟು ವರ್ಷ ತಮಗೆ ತೊಂದರೆಯಾಗುತ್ತಿದ್ದದ್ದು ತಮಗೇ ತಿಳಿಯದೆ ಹೋಯಿತಲ್ಲ ಎಂದು ಅವರು ಮರುಗಿದರು. ದರ್ಜಿ ಮೊದಲು ಕೆಮ್ಮಿದ. ತಾನು ಹೊಲಿದ ಪ್ಯಾಂಟುಗಳೆಲ್ಲ ಗಿರಾಕಿಗಳಿಗೆ ಬಿಗಿಯಾಗುತ್ತಿದ್ದದ್ದು ಅಳತೆ ತಪ್ಪಿದ್ದರಿಂದಲ್ಲ, ಬಟ್ಟೆ ಹೊಗೆಗೆ ಕುಗ್ಗಿದ್ದರಿಂದ ಎಂದು ಮನವಿ ಬರೆದುಕೊಟ್ಟ. ಹಲ್ಲಿನ ಡಾಕ್ಟರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೋದ ವರ್ಷ ಒಬ್ಬ ರೋಗಿಯ ಹುಳುಕು ಹಲ್ಲು ಬಿಟ್ಟು ಪಕ್ಕದ ಹಲ್ಲು ಕಿತ್ತದ್ದು, ಆ ಹೊತ್ತಿಗೆ ಸರಿಯಾಗಿ ಹೊಗೆ ಬಂದು ಕಣ್ಣಿಗೆ ಅಡರಿದ್ದರಿಂದ ಎಂದು ಅವರ ಮನವಿಯಲ್ಲಿತ್ತು. ಮನವಿ ಬರೆದ ದಿನವೂ ಅವರ ಬುಟ್ಟಿ ಹನ್ನೆರಡೂಕಾಲಿಗೆ ಸರಿಯಾಗಿ ಕೆಳಗಿಳಿಯಿತು.

ನಾಲ್ಕನೆಯ ದಿನ ಸಾಹೇಬರು ಬಂದರು. ಜೊತೆಗೆ ಹೊಗೆ ಅಳೆಯುವ, ಉದ್ದ ಕೊಳವೆಯ ಒಂದು ಯಂತ್ರ, ಅದನ್ನು ಹಿಡಿಯಲು ಒಬ್ಬ, ಹಿಡಿದವನನ್ನು ನೋಡಿಕೊಳ್ಳಲು ಇನ್ನೊಬ್ಬ. ಆ ಮೂಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಡತಿಯೂ ಬಂದುಬಿಟ್ಟಿದ್ದಾರೆ ಎಂಬುದನ್ನು ಸೀಲಪ್ಪನವರು ತಡವಾಗಿ ಗಮನಿಸಿದರು. ತನ್ನ ಗಂಡ ಹೊಗೆ ಕುಡಿಯುವ ಜಾಗವನ್ನು ತೋರಿಸುತ್ತೇನೆಂದು ಮೇಲಿನ ಮನೆಯ ಆಂಟಿಯನ್ನೂ ಕರೆತಂದು, ಚೆನ್ನಾಗಿ ಕಾಣುವ ಹಾಗೆ ದರ್ಜಿಯ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದರು. ಸೀಲಪ್ಪನವರಿಗೆ ಇಂಗು ತಿಂದ ಮಂಗನ ಸ್ಥಿತಿ. ಮುಂದೆ ಸಾಹೇಬರು, ಪಕ್ಕದಲ್ಲಿ ಹೆಂಡತಿ, ಕಿಟಕಿಯಲ್ಲಿ ಎಲ್ಲ ಬಲ್ಲ ಕೆಂಡಮ್ಮ.

ಯಂತ್ರವನ್ನು ಟ್ರಕ್ಕಿನ ಹತ್ತಿರ ಹಿಡಿದರು. ಮುಳ್ಳು ಅಲ್ಲಾಡಲಿಲ್ಲ. ಪೀಪಾಯಿಯ ಪಕ್ಕಕ್ಕೆ ಹಿಡಿದರು, ಸ್ವಲ್ಪ ಅಲ್ಲಾಡಿ ಹಿಂದಕ್ಕೆ ಹೋಯಿತು. ಕೊಳವೆ ಹಿಡಿದವನು ಕೈ ಸೋತು ಅದನ್ನು ಚಾಲೂ ಇದ್ದ ಸಾಹೇಬರ ಜೀಪಿನ ಹಿಂಭಾಗಕ್ಕೆ ಇಳಿಸಿದಾಗ ಮುಳ್ಳು ಜಿಗಿದು ಕೊನೆ ಮುಟ್ಟಿತು. ಅವನು ಗಾಬರಿಯಿಂದ ಕೊಳವೆ ಎತ್ತಿದ. ಅದು ಯಂತ್ರದ ದೋಷ, ಬರೆದುಕೊಳ್ಳುವುದು ಬೇಡ ಎಂದರು ಸಾಹೇಬರು. ದರ್ಜಿಯೂ ಡಾಕ್ಟರೂ ಪೈಪೋಟಿಯಲ್ಲಿ ಕೆಮ್ಮುತ್ತಲೇ ಇದ್ದರು.

ಹೊಗೆ ಇಲ್ಲ ಎಂದಾದಾಗ ಸಾಹೇಬರ ಹುಬ್ಬು ಗಂಟಿಕ್ಕಿತು. ಅರವತ್ತೊಂದು ಸಲ ಬಂದ ಮನುಷ್ಯ ಏನನ್ನು ಪರಿಶೀಲಿಸುತ್ತಿದ್ದ ಎಂಬ ಸಂಶಯ ಅವರ ಮುಖದಲ್ಲಿ ಮೂಡಿದ್ದನ್ನು ಸೀಲಪ್ಪನವರು ಕಣ್ಣಾರೆ ಕಂಡರು. ಸಾಹೇಬರು ನೇರವಾಗಿ ಕಿಟಕಿಯ ಬಳಿ ಹೋದರು. ಹೆದರಬೇಡಿ, ಇದ್ದದ್ದನ್ನು ಹೇಳಿ ಎಂದು ಕೆಂಡಮ್ಮನಿಗೆ ಭರವಸೆ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಪ್ರಶ್ನೆ ಹಾಕಿದರು.

“ಈ ನಮ್ಮ ನೌಕರ ನಿಮ್ಮ ಹತ್ರ ಯಾವತ್ತಾದ್ರೂ ಏನಾದ್ರೂ ತಿಂದಿದ್ದಾರಾ?”

ಸೀಲಪ್ಪನವರ ಕಾಲಿನ ಕೆಳಗೆ ರಸ್ತೆ ಇರಲಿಲ್ಲ. ತಿಂದಿದ್ದಾರೆ ಎಂಬ ಒಂದು ಮಾತು ಸಾಕು, ಇಲ್ಲಿ ಕೆಲಸ ಹೋಗುತ್ತದೆ, ಅಲ್ಲಿ ಮೆಟ್ಟಿಲ ಮೇಲೆ ಸಂಸಾರ ಹೋಗುತ್ತದೆ. ಅವರು ಕೆಂಡಮ್ಮನನ್ನು ನೋಡಿದ ನೋಟಕ್ಕೆ ಕಲ್ಲೂ ಕರಗುತ್ತಿತ್ತು. ಕೆಂಡಮ್ಮ ಅವಸರಪಡಲಿಲ್ಲ. ಇಕ್ಕಳವನ್ನು ಬಟ್ಟೆಯಲ್ಲಿ ಒರೆಸಿದರು, ಸೀಲಪ್ಪನವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು, ಬೆಲ್ಟಿನ ಹೊಸ ತೂತನ್ನೂ ನೋಡಿದರು.

“ಇವರಾ?” ಎಂದರು. “ಮೂರು ತಿಂಗಳಲ್ಲಿ ಒಂದು ಚೂರೂ ಮುಟ್ಟಿಲ್ಲ ಸ್ವಾಮಿ. ನಾನೇ ಕರೆದು ಕೊಟ್ರೂ ತಗೊಳ್ಳೋರಲ್ಲ. ಬಂದು, ದೂರ ನಿಂತು, ವಾಸನೆ ನೋಡಿ ಹೋಗ್ತಾರೆ. ಅಂಥ ಮನುಷ್ಯನ್ನ ನಾನು ಕಂಡಿಲ್ಲ.”

ಸೀಲಪ್ಪನವರಿಗೆ ಹೋದ ಜೀವ ಬಂದಂತಾಯಿತು. ಕಣ್ಣು ತುಂಬಿ ಬಂದು, ಈ ತಾಯಿಯ ಋಣ ತೀರಿಸುವುದು ಹೇಗೆ ಎಂದುಕೊಂಡರು. ಅದನ್ನು ತೀರಿಸುವ ವಿಧಾನವನ್ನು ಕೆಂಡಮ್ಮ ಆಗಲೇ ಗೊತ್ತುಮಾಡಿದ್ದಾರೆ ಎಂಬುದು ಅವರ ತಲೆಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸಾಲಿನಲ್ಲಿದ್ದ ಹಳೆಯ ಗಿರಾಕಿಗಳು ಮೊದಲು ಕಕ್ಕಾಬಿಕ್ಕಿಯಾದರು. ಕೆಂಡಮ್ಮನ ಕಣ್ಣು ತಮ್ಮ ಕಡೆ ತಿರುಗಿದ ಮೇಲೆ, ಹೌದು, ಹೌದು, ಮುಟ್ಟಿದ್ದನ್ನು ನಾವೂ ಕಂಡಿಲ್ಲ ಎಂದು ಗಂಭೀರವಾಗಿ ತಲೆಯಾಡಿಸಿದರು.

ಸಾಹೇಬರಿಗೆ ಆ ಕ್ಷಣದಲ್ಲಿ ಎಲ್ಲವೂ ಸ್ಪಷ್ಟವಾಯಿತು. ಅವರು ಜೀಪಿನ ಮೆಟ್ಟಿಲು ಹತ್ತಿ ಸೇರಿದವರಿಗೆ ಒಂದು ಸಣ್ಣ ಭಾಷಣ ಮಾಡಿದರು. ಹೊಗೆ ಯಾಕೆ ಮಿತಿಯಲ್ಲಿದೆ? ಈ ಮನುಷ್ಯ ಅರವತ್ತೊಂದು ದಿನ ಬಂದು ನಿಂತದ್ದರಿಂದ ಮಿತಿಯಲ್ಲಿದೆ. ಇವರು ಬರದೆ ಹೋಗಿದ್ದರೆ ಈ ಮೂಲೆಯ ಗತಿ ಏನಾಗುತ್ತಿತ್ತೋ ಊಹಿಸಲೂ ಆಗದು. ಆದ್ದರಿಂದ ಟ್ರಕ್ಕು ಇಲ್ಲಿಯೇ ಇರಲಿ, ಇಲಾಖೆಯ ಯಶಸ್ಸಿಗೆ ಸಾಕ್ಷಿಯಾಗಿ ಇರಲಿ. ವರದಿಯಲ್ಲಿ ಹೇಳಿರುವಂತೆ ಪ್ರತಿದಿನ ಹನ್ನೆರಡರಿಂದ ಒಂದರವರೆಗೆ ಇವರೇ ಇಲ್ಲಿ ನಿಂತು ನಿಗಾ ಇಡಲಿ. ನಿವೃತ್ತಿಯವರೆಗೂ ಇದು ಇವರ ಕಾಯಂ ಕೆಲಸ. ಎಲ್ಲರೂ ಚಪ್ಪಾಳೆ ತಟ್ಟಿದರು. ದರ್ಜಿಗೂ ಡಾಕ್ಟರಿಗೂ ಕೆಮ್ಮು ಬಂದ ಹಾಗೆಯೇ ಹೋಯಿತು.

ಸೀಲಪ್ಪನವರಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು. ಆಗ ಸಾಹೇಬರು ಒಂದು ಮಾತು ಸೇರಿಸಿದರು. ಪರಿಶೀಲನೆಗೆ ಬಂದ ನೌಕರ ಪರಿಶೀಲಿಸುವ ಜಾಗದಲ್ಲಿ ಒಂದು ಲೋಟ ನೀರನ್ನೂ ಮುಟ್ಟಬಾರದು ಎಂದು ನಿಯಮವಿದೆ, ಅದನ್ನು ಬರೀ ಕಾಗದದಲ್ಲಿ ಓದಿದ್ದೆ, ಪಾಲಿಸಿದವರನ್ನು ಇವತ್ತು ಕಂಡೆ ಎಂದು ಅವರು ಗದ್ಗದಿತರಾದರು. ಇನ್ನು ಮುಂದೆ ಇವರು ಇಲ್ಲಿ ತಿನ್ನುವುದನ್ನು ಯಾರಾದರೂ ಕಂಡರೆ ಕೂಡಲೇ ಕಚೇರಿಗೆ ತಿಳಿಸಬೇಕು, ಕಾಣುವುದಿಲ್ಲ ಎಂಬ ನಂಬಿಕೆ ತಮಗಿದೆ ಎಂದರು.

ಸೀಲಪ್ಪನವರು ತಡವರಿಸುತ್ತ ಒಂದು ಸಂದೇಹ ಕೇಳಿದರು. ಒಂದು ಗಂಟೆಗೆ ಊಟದ ಬಿಡುವು ಶುರುವಾದ ಮೇಲೆ ನೌಕರನೂ ಸಾರ್ವಜನಿಕರಲ್ಲಿ ಒಬ್ಬನಾಗುವುದಿಲ್ಲವೇ? ಸಾಹೇಬರು ಬಿದ್ದು ಬಿದ್ದು ನಕ್ಕು, ಇಂಥ ನಿಷ್ಠಾವಂತರಿಗೆ ಹಾಸ್ಯಪ್ರಜ್ಞೆಯೂ ಇರುತ್ತದೆಂದು ತಿಳಿದಿರಲಿಲ್ಲ ಎಂದು ಬೆನ್ನು ತಟ್ಟಿದರು. ತಮಗೂ ಹಸಿವಾಗಿದೆ, ತಾವು ಹೇಗೂ ಪರಿಶೀಲನೆಯ ನೌಕರನಲ್ಲ, ಮೇಲಧಿಕಾರಿ, ನಿಯಮ ತಮಗೆ ತಾಗದು ಎಂದು ತಟ್ಟೆಗೆ ಕೈ ಚಾಚಿದರು. ಕೆಂಡಮ್ಮ ಸೀಲಪ್ಪನವರ ಮುಖ ನೋಡುತ್ತಲೇ ಮೂರು ಅಂಚಿನ ತುಂಡುಗಳನ್ನು ಎತ್ತಿ ಸಾಹೇಬರ ತಟ್ಟೆಗೆ ಹಾಕಿದರು.

ಅಂದಿನಿಂದ ಸೀಲಪ್ಪನವರು ಪ್ರತಿದಿನ ಹನ್ನೆರಡಕ್ಕೆ ಪೀಪಾಯಿಯಿಂದ ಐದು ಹೆಜ್ಜೆ ದೂರದಲ್ಲಿ, ಇಲಾಖೆ ಕೊಟ್ಟ ಒಂದು ಕುರ್ಚಿಯಲ್ಲಿ ಕೂತಿರುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸಿದರೂ ಹೊಗೆ ಆ ಕುರ್ಚಿಯ ಮೇಲೆಯೇ ಹಾಯುತ್ತದೆ. ಕುರ್ಚಿ ಎಲ್ಲಿರಬೇಕೆಂದು ತೋರಿಸಿದವರು ಕೆಂಡಮ್ಮ. ಕಚೇರಿಯವರೆಲ್ಲ ಈಗ ಹನ್ನೆರಡಕ್ಕೇ ಬರುತ್ತಾರೆ. ಮೇಲ್ವಿಚಾರಣೆ ಎಂದು ವಹಿಯಲ್ಲಿ ಬರೆದು ಸಾಹೇಬರು ಅವರಿಗಿಂತ ಮೊದಲೇ ಬರುತ್ತಾರೆ. ಒಂದು ದಿನ ಯಾರೂ ನೋಡುತ್ತಿಲ್ಲ ಎಂದುಕೊಂಡು ಸೀಲಪ್ಪನವರು ಕಿಟಕಿಯ ಕಡೆ ಕೈ ನೀಡಿದಾಗ ಮೇಲಿಂದ ಹಲ್ಲಿನ ಡಾಕ್ಟರು ಗಂಟಲು ಸರಿಪಡಿಸಿಕೊಂಡರು. ಕೈ ತಾನಾಗಿ ಹಿಂದಕ್ಕೆ ಬಂತು.

ಇಷ್ಟಾದರೂ ಊಟಕ್ಕೆ ಕೊರತೆಯಿಲ್ಲ. ಮನೆಯ ಡಬ್ಬಿಗೆ ಮಾತ್ರ ಸಾಹೇಬರು ವಿಶೇಷ ಅನುಮತಿ ಕೊಟ್ಟಿದ್ದಾರೆ, ಗಂಡ ಸ್ಥಳ ಬಿಟ್ಟು ಕದಲುವಂತಿಲ್ಲ ಎಂದು ಹೆಂಡತಿಯೇ ಅದನ್ನು ತರುತ್ತಾರೆ. ಪಕ್ಕದಲ್ಲಿ ನಿಂತು, ತರಕಾರಿಯ ಕೊನೆಯ ಚೂರು ಮುಗಿಯುವವರೆಗೂ ಕಾಯುತ್ತಾರೆ. ಮೊದಲ ವಾರ ಹಾಗೆಯೇ ನಿಂತಿದ್ದರು. ಎರಡನೆಯ ವಾರ, ಸುಮ್ಮನೆ ನಿಲ್ಲುವುದು ಯಾಕೆ ಎಂದು ಕೆಂಡಮ್ಮ ಒಂದು ತಟ್ಟೆ ಕೊಟ್ಟರು. ಆ ತಟ್ಟೆಯಲ್ಲಿದ್ದ ಕಪ್ಪಗಿನ ಗರಿಗರಿ ತುಂಡನ್ನು ಕಂಡು ಸೀಲಪ್ಪನವರ ಗಂಟಲಿನಿಂದ ಒಂದು ವಿಚಿತ್ರ ಸದ್ದು ಹೊರಟಿತು.

“ನೀನೂ ತಿಂತೀಯಾ?” ಎಂದರು.

“ಡಾಕ್ಟ್ರು ಹೇಳಿದ್ದು ನಿಮಗೆ, ನನಗಲ್ಲ,” ಎಂದು ಹೆಂಡತಿ ಬೆರಳು ನೆಕ್ಕಿದರು. “ಅಲ್ಲಾರೀ, ಇಷ್ಟು ರುಚಿಯಾಗಿದ್ದನ್ನ ಮೂರು ತಿಂಗಳು ಮುಂದೆ ಇಟ್ಕೊಂಡು ಮುಟ್ಟದೆ ಹೇಗ್ರೀ ಇದ್ರಿ?”

ಸೀಲಪ್ಪನವರ ತೊಡೆಯ ಮೇಲೆ ಅಂದಿನ ಪರಿಶೀಲನಾ ನಮೂನೆ ಇತ್ತು. ವಾಸನೆ ಎಂಬ ಕಲಮಿನ ಎದುರು ಇಲಾಖೆ ಮೂರು ಉತ್ತರಗಳನ್ನು ಅಚ್ಚು ಹಾಕಿಸಿತ್ತು: ಇಲ್ಲ, ಸಾಧಾರಣ, ಸಹಿಸಲು ಅಸಾಧ್ಯ. ಅವರು ಹೆಂಡತಿಯ ತಟ್ಟೆಯನ್ನು ನೋಡಿದರು, ಪೀಪಾಯಿಯನ್ನು ನೋಡಿದರು, ಕಣ್ಣು ಮುಚ್ಚಿ ಒಂದು ದೀರ್ಘ ಉಸಿರು ಎಳೆದುಕೊಂಡು ಮೂರನೆಯದಕ್ಕೆ ಗುರುತು ಹಾಕಿದರು. ಹತ್ತೊಂಬತ್ತು ವರ್ಷಗಳ ಸೇವೆಯಲ್ಲಿ ಸೀಲಪ್ಪನವರು ಕಾಗದದ ಮೇಲೆ ಬರೆದ ಮೊದಲ ನಿಜ ಅದು. ಸಾಹೇಬರು ಎಡಗೈಯಲ್ಲಿ ತಟ್ಟೆ ಹಿಡಿದು, ಎಣ್ಣೆಯ ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅದನ್ನು ಓದದೆ ಸಹಿ ಮಾಡಿದರು.